ಲೋಟ ಹಿಡಿದ ಕೈ

ಭೂಕಂಪದ ನಷ್ಟ ಅಂದಾಜು ಮಾಡುವ ಸಾಫ್ಟ್‌ವೇರ್ ಒಂದಿದೆ. ಅದನ್ನು ಬಳಸುವವರಿಗೆ ನೆರವಾಗಬೇಕಿದ್ದ ಖಾಸಗಿ ಕಂಪನಿಯ ತಜ್ಞರಿಗೆ ಹಳೆಯ ಚಿನ್ನದ ಗಣಿಯ ಊರು ಉರಿಗಾಂನಲ್ಲಿ ತರಬೇತಿ ಕೊಡುತ್ತಿದ್ದೆ. ಟೀ ಹೊತ್ತಿಗೆ ಹತ್ತಿರದ ಕ್ವಾರಿಯಲ್ಲಿ ಬಂಡೆ ಸಿಡಿಸಿದ್ದಕ್ಕೆ ನೆಲ ನಡುಗಿತು. ತಜ್ಞರೆಲ್ಲ ಹೊರಗೆ ಓಡಿದರು. ನನ್ನ ಕೈ ಮಾತ್ರ ತಾನಾಗಿಯೇ ಗೋಡೆಯ ಹಲಗೆಗೆ ಹೋಗಿ ಗಾಜಿನ ಲೋಟಗಳನ್ನು ಹಿಡಿದಿತ್ತು. ಟೀ ಕೊಡುವ ಸೆಲ್ವಿಯಕ್ಕನ ಕೈಯೂ ಪಕ್ಕದಲ್ಲೇ ಇತ್ತು. ಗಣಿಯ ಕಾಲದಲ್ಲಿ ಆಳದಲ್ಲಿ ಬಂಡೆ ಸಿಡಿದು ಕಾರ್ಮಿಕರ ಸಾಲಿನ ನಮ್ಮ ಲೈನ್‌ಮನೆ ಅದುರಿದಾಗಲೆಲ್ಲ ಅಮ್ಮನೂ ನಾನೂ ಹೀಗೇ ಪಾತ್ರೆ ಹಿಡಿದುಕೊಂಡು ಗಣಿಗಿಳಿದ ಅಪ್ಪನ ದಾರಿ ಕಾಯುತ್ತಿದ್ದೆವು.

ಸೆಲ್ವಿಯಕ್ಕ ನನ್ನನ್ನೇ ನೋಡಿದಳು. "ಯಾವ ಲೈನ್‌ಮನೆ ಸಾರ್ ನಿಮ್ದು?"

"ಕೋರಮಂಡಲ್ ಗಣಿದು ಅಕ್ಕಾ."

"ಮೊದ್ಲೇ ಯೋಳ್ಬಾರ್ದೇನಪ್ಪಾ?"

ತರಬೇತಿ ಕೊಡುವ ಮೇಷ್ಟರೆಂದು ನನಗೆ ಬರುತ್ತಿದ್ದ ಕಪ್-ಸಾಸರ್ ಮರುದಿನದಿಂದ ತಪ್ಪಿತು. ಸೆಲ್ವಿಯಕ್ಕನಂತೆ ನನಗೂ ಲೋಟದಲ್ಲೇ ಟೀ, ತುಂಬಿ ತುಳುಕುವಷ್ಟು.