ಗೋಡೆ ಬದಿಯ ರೇಲಿಂಗ್

ಕಂಪ್ಯೂಟರಿನಲ್ಲಿ ಮೆಟ್ಟಿಲು ಬಿಡಿಸಿದರೆ ಸಾಫ್ಟ್‌ವೇರು ತಾನಾಗಿಯೇ ಎರಡೂ ಬದಿಗೆ ರೇಲಿಂಗ್ ಹಾಕಿಕೊಡುತ್ತದೆ. ಒಂದು ಬದಿಗೆ ಗೋಡೆ ಇದೆಯೋ ಇಲ್ಲವೋ ಎಂದು ಅದು ನೋಡುವುದಿಲ್ಲ. ಹಾಗಾಗಿ ಗೋಡೆ ಬದಿಯದನ್ನು ಅಳಿಸಿಬಿಡುವುದು ಈ ಕೆಲಸದವರ ರೂಢಿ. ಮೂಡುಬಿದಿರೆಯ ಶುಭಶ್ರೀಯ ಬೆರಳಿಗಂತೂ ಅದು ಸಾರಿಗೆ ಉಪ್ಪು ಹಾಕಿದಷ್ಟು ಸಲೀಸು.

ಶುಭಶ್ರೀ ಓದಿದ್ದೆಲ್ಲ ಮೈಸೂರಿನಲ್ಲಿ. ಮದುವೆಯಾಗಿ ಇಲ್ಲಿಗೆ ಬಂದು, ಮಗಳು ಹುಟ್ಟಿದ ಮೇಲೆ, ಊಟದ ಮೇಜಿನ ತುದಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಸುತ್ತಲಿನ ಮನೆಗಳಿಗೆ ನಕ್ಷೆ ಮಾಡಿಕೊಡತೊಡಗಿದಳು. ಹೆದರುವ ಸ್ವಭಾವ. ಮಗು ಒಮ್ಮೆ ಸೀನಿದರೆ ಕೈ ಅದರ ಹಣೆಗೆ ಓಡುತ್ತಿತ್ತು. ರೇಲಿಂಗ್ ಬಿಡಿಸುವಾಗಲೂ ಮಗುವಿನ ತಲೆ ತೂರುವಷ್ಟು ಸಂದು ಎಲ್ಲಾದರೂ ಉಳಿಯಿತೇ ಎಂದು ಒಂದೊಂದು ಕಂಬಿಯನ್ನೂ ನೋಡುವಳು. ತಾನು ಜಾಗ್ರತೆಯವಳು ಎಂಬ ಹೆಮ್ಮೆ ಒಳಗೊಳಗೇ ಇತ್ತು.

ಮಡಂತ್ಯಾರಿನ ಸ್ವರ್ಣಲತಾ ಟೀಚರು ಹೊಸ ಮನೆಯ ಕೆಲಸ ಕೊಟ್ಟದ್ದೂ ಜಾಗ್ರತೆಯವಳೆಂಬ ಹೆಸರು ಕೇಳಿಯೇ. ಟೀಚರ ತಂದೆ ಭೋಜ ಶೆಟ್ಟರು ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದವರು. ಪಾರ್ಶ್ವವಾಯುವಾಗಿ ಬಲಗೈಯ ಸ್ವಾಧೀನ ತಪ್ಪಿತ್ತು, ಬಲಗಾಲು ಎಳೆಯುತ್ತಿತ್ತು. ಆದರೂ ಕೋಣೆ ಮಹಡಿಯಲ್ಲೇ ಆಗಬೇಕೆಂಬ ಹಠ.

"ಗಲ್ಲಾದಲ್ಲಿ ಕೂತು ಬೀದಿ ನೋಡಿದವ ನಾನು. ಇನ್ನು ಕಂಪೌಂಡು ಗೋಡೆ ನೋಡಿಕೊಂಡು ಕೂರ್ಲಿಕ್ಕೆ ಆಗ್ತದಾ ಮಗಾ?" ಎಂದಿದ್ದರು.

ಹತ್ತುವಾಗ ಅವರ ಎಡಗೈಗೆ ಸಿಗುವುದು ಗೋಡೆ. ಅಲ್ಲೊಂದು ರೇಲಿಂಗ್ ಬೇಕೇ ಬೇಕೆಂದು ಟೀಚರು ಎರಡು ಸಲ ಹೇಳಿದ್ದರು. ಶುಭಶ್ರೀ ಬರೆದುಕೊಂಡೂ ಇದ್ದಳು. ಬರೆದುಕೊಂಡದ್ದು ಪುಸ್ತಕದಲ್ಲೇ ಉಳಿಯಿತು; ಬೆರಳು ತನ್ನ ರೂಢಿಯಂತೆ ಅಳಿಸಿತು. ತೆರೆದ ಬದಿಯ ರೇಲಿಂಗಿನ ಚಿತ್ರ ಎಷ್ಟು ಚಂದ ಬಂದಿತ್ತೆಂದರೆ ಗೋಡೆಯ ಕಡೆ ಯಾರೂ ನೋಡಲಿಲ್ಲ.

ನೋಡಿದ್ದು ರೇಲಿಂಗ್ ಮಾಡಬೇಕಾಗಿದ್ದ ಯಾಕೂಬ್ ಒಬ್ಬರೇ. ಗುರುವಾಯನಕೆರೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವರು. ಫೋನು ಮಾಡಿ, "ಮೇಡಂ, ಗೋಡೆ ಬದಿಗೆ ಬೇಡವಾ? ಶೆಟ್ರ ಕೈ ಹಾಗೆ ಉಂಟಲ್ಲ," ಎಂದು ಕೇಳಿದ್ದರು. ಮಗು ಅನ್ನದ ತಟ್ಟೆ ಕವುಚಿದ ಹೊತ್ತು. "ಡ್ರಾಯಿಂಗಿನಲ್ಲಿ ಇದ್ದಷ್ಟು ಮಾಡಿ ಯಾಕೂಬ್. ಡಿಸೈನಿನ ತಲೆಬಿಸಿ ನಿಮಗೆ ಬೇಡ," ಎಂದು ಶುಭಶ್ರೀ ಫೋನಿಟ್ಟಿದ್ದಳು.

ಟೀಚರ ಮನೆ ಒಕ್ಕಲಾಗಿ ಮೂರು ವಾರ ಕಳೆದ ಮೇಲೆ, ಮುಂದಿನ ಗಿರಾಕಿಗಳಿಗೆ ತೋರಿಸಲು ಫೋಟೋ ತೆಗೆಯೋಣವೆಂದು ಮಗಳನ್ನೂ ಕರೆದುಕೊಂಡು ಆ ಮನೆಗೆ ಹೋದಳು. ಕ್ಯಾಮೆರಾ ಎತ್ತುವಷ್ಟರಲ್ಲಿ ಮಗಳು ಕೂಗಿದಳು:

"ಅಮ್ಮಾ, ಅಜ್ಜ ಉಲ್ಟಾ ಹತ್ತುತ್ತಿದ್ದಾರೆ!"

ಭೋಜ ಶೆಟ್ಟರು ಮೆಟ್ಟಿಲಿಗೆ ಬೆನ್ನು ಹಾಕಿ, ಎಡಗೈಯಲ್ಲಿ ತೆರೆದ ಬದಿಯ ರೇಲಿಂಗನ್ನು ಬಿಗಿಹಿಡಿದು, ಹಿಮ್ಮಡಿಯಿಂದ ಒಂದೊಂದೇ ಮೆಟ್ಟಿಲು ತಡಕುತ್ತ ಹಿಂದಿಂದಕ್ಕೆ ಏರುತ್ತಿದ್ದರು. ಹಣೆ ಬೆವರಿತ್ತು.

"ರಿವರ್ಸ್ ಗೇರು, ಪುಟ್ಟಿ," ಎಂದು ಮಗುವಿಗೆ ನಕ್ಕರು.

ಟೀಚರು ನಗಲಿಲ್ಲ. "ಶುಭಶ್ರೀ, ಗೋಡೆ ಬದಿಗೆ ಹೇಳಿದ್ದೆನಲ್ಲ?"

"ಅಯ್ಯೋ, ಯಾಕೂಬ್ ಹಾಕಲಿಲ್ವಾ? ಮರೆತಿರಬೇಕು."

ಮಾತು ಬಾಯಿಂದ ಜಾರಿ ಆಗಿತ್ತು. ಟೀಚರು ಅಲ್ಲೇ ಯಾಕೂಬರಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದರು. "ಏನು ಯಾಕೂಬಣ್ಣ, ಅಪ್ಪ ಬಿದ್ದು ಸೊಂಟ ಮುರಿದ ಮೇಲೆ ನೆನಪಾಗ್ತದಾ ನಿಮಗೆ? ಶುಭಶ್ರೀ ಮೇಡಂ ಇಲ್ಲೇ ಇದ್ದಾರೆ. ನೀವು ಮರೆತದ್ದು ಅಂತ ಅವರೇ ಹೇಳ್ತಿದ್ದಾರೆ."

ಆಚೆ ಬದಿಯಲ್ಲಿ ತಿರುಗುತ್ತಿದ್ದ ಯಂತ್ರ ನಿಂತ ಸದ್ದಾಯಿತು. "ಮೇಡಂ ಹೇಳಿದ್ರಾ?" ಎಂದಿತು ಯಾಕೂಬರ ಧ್ವನಿ. ಆಮೇಲೆ, "ಆಯ್ತಕ್ಕ. ಬಂದು ಹಾಕಿಕೊಡುವ."

ಶುಭಶ್ರೀ ಮಗುವಿನ ಕೂದಲು ಸರಿಪಡಿಸುತ್ತ ನಿಂತಿದ್ದಳು. ಸರಿಯಾಗಿಯೇ ಇದ್ದ ಕೂದಲು.

"ನಮ್ಮ ಶಾಲೆಯ ಮೆಟ್ಟಿಲಿಗೂ ನಿಮ್ಮ ನಕ್ಷೆ, ಯಾಕೂಬಣ್ಣನ ಕೆಲಸ ಅಂತ ಮಾತಾಡಿಟ್ಟಿದ್ದೆ," ಎಂದರು ಟೀಚರು ಫೋನಿಟ್ಟು. "ಇನ್ನು ಅವರು ಬೇಡ. ಮಕ್ಕಳು ಓಡಾಡುವ ಜಾಗ."

ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಅತ್ತೆ ಏನಾಯಿತೆಂದು ಕೇಳಿದರೆ ತಲೆನೋವು ಎಂದಳು, ಅದೂ ಸುಳ್ಳೇ. ಮೂರನೆಯ ದಿನ ಮಗುವನ್ನು ಅತ್ತೆಯ ಬಳಿ ಬಿಟ್ಟು ಗುರುವಾಯನಕೆರೆಯಲ್ಲಿ ಬಸ್ಸಿಳಿದಳು. ಯಾಕೂಬ್ ಕುಕ್ಕರಗಾಲಿನಲ್ಲಿ ಕುಳಿತು ಗೇಟಿಗೆ ವೆಲ್ಡಿಂಗ್ ಮಾಡುತ್ತಿದ್ದರು. ಅವಳನ್ನು ಕಂಡು ಮುಖದ ಗುರಾಣಿ ಎತ್ತಿದರು.

"ನನ್ನಿಂದ ತಪ್ಪಾಯ್ತು, ಯಾಕೂಬಣ್ಣ." ಅಣ್ಣ ಎಂದು ಅವಳು ಕರೆದದ್ದು ಅದೇ ಮೊದಲು. ಅದು ಅವಳಿಗೇ ಕೇಳಿಸಿ ಇನ್ನಷ್ಟು ನಾಚಿಕೆಯಾಯಿತು.

"ನನ್ನ ಹತ್ರ ಹೇಳಿ ಏನು ಮೇಡಂ? ನನಗೆ ಗೊತ್ತುಂಟಲ್ಲ. ಗೊತ್ತಿಲ್ಲದವರು ಮಡಂತ್ಯಾರಿನಲ್ಲಿ ಇದ್ದಾರೆ."

"ಆವತ್ತು ಟೀಚರು ಫೋನು ಮಾಡಿದಾಗ ನೀವೇ ನಿಜ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಕಬ್ಬಿಣದವನನ್ನು ನಂಬ್ತಾರಾ, ಕಂಪ್ಯೂಟರಿನವರನ್ನು ನಂಬ್ತಾರಾ?" ಎಂದು ಗುರಾಣಿ ಇಳಿಸಿದರು. ಮತ್ತೆ ಕಿಡಿ ಹಾರತೊಡಗಿತು.

ಮಡಂತ್ಯಾರಿನ ಬಸ್ಸಿನಲ್ಲಿ ಕುಳಿತವಳಿಗೆ ಟೀಚರು ಮನೆಯಲ್ಲಿ ಇಲ್ಲದಿದ್ದರೆ ಸಾಕು ಎನಿಸುತ್ತಿತ್ತು. ಟೀಚರು ಜಗಲಿಯಲ್ಲೇ ಇದ್ದರು, ಮಕ್ಕಳ ನೋಟ್ಸು ತಿದ್ದುತ್ತ. ಶುಭಶ್ರೀ ಕೂರಲಿಲ್ಲ.

"ಯಾಕೂಬಣ್ಣ ಮರೆತದ್ದಲ್ಲ. ಅವರು ಫೋನು ಮಾಡಿ ಕೇಳಿದ್ರು, ನಾನೇ ಗದರಿಸಿದೆ. ಡ್ರಾಯಿಂಗಿನಿಂದ ಅಳಿಸಿದ್ದೂ ನಾನೇ. ಮೊನ್ನೆ ನಿಮ್ಮ ಹತ್ರ ಸುಳ್ಳು ಹೇಳಿದೆ."

ಟೀಚರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. "ಮರೆವು ಯಾರಿಗೂ ಉಂಟು. ಆದ್ರೆ ನನ್ನ ಬಾಯಿಂದ ಅವರಿಗೆ ಬೈಸಿದಿರಲ್ಲ? ಪಕ್ಕದಲ್ಲೇ ನಿಂತು ಕೇಳಿದಿರಲ್ಲ?"

ಒಳಗಿನಿಂದ ಭೋಜ ಶೆಟ್ಟರ ಸ್ವರ ಬಂತು: "ಯಾರದು, ಇಂಜಿನಿಯರ್ ಮಗುವಾ? ಚಾ ಕೊಟ್ಟೆಯಾ?"

ಟೀಚರು ಚಹಾಕ್ಕೆ ಏಳಲಿಲ್ಲ. ಯಾಕೂಬರಿಗೆ ಫೋನು ಮಾಡಿ, ಮತ್ತೆ ಸ್ಪೀಕರಿಗೆ ಹಾಕಿ, ತಾನು ಆಡಿದ್ದು ತಪ್ಪಾಯಿತೆಂದರು. ಶಾಲೆಯ ಅಳತೆಗೆ ಸೋಮವಾರ ಬನ್ನಿ ಎಂದರು. ಮತ್ತೆ ಶುಭಶ್ರೀಯ ಕಡೆ ತಿರುಗಿ, "ಶಾಲೆಯ ನಕ್ಷೆ ಮಾತ್ರ ಬೇರೆಯವರ ಹತ್ರ ಮಾಡಿಸ್ತೇನೆ," ಎಂದರು.

"ಆಗಬಹುದು," ಎಂದಳು ಶುಭಶ್ರೀ. ಬಳಿಕ ಹೇಗೋ ಧೈರ್ಯ ಮಾಡಿ, "ಇಲ್ಲಿ ರೇಲಿಂಗ್ ಹಾಕುವ ದಿನ ನಾನೂ ಬರ್ತೇನೆ. ಪೈಪು ಹಿಡಿದುಕೊಳ್ಳಲಿಕ್ಕೆ."

ಸ್ಪೀಕರಿನಿಂದ ಯಾಕೂಬ್ ಹೇಳಿದರು: "ಪೈಪು ಹಿಡಿಯಲಿಕ್ಕೆ ಜನ ಉಂಟು ಮೇಡಂ. ನೀವು ಶೆಟ್ರನ್ನು ಮೆಟ್ಟಿಲಿನಲ್ಲಿ ನಿಲ್ಲಿಸಿ, ಅವರ ಕೈ ಎಷ್ಟು ಎತ್ತರಕ್ಕೆ ಬರ್ತದೆ ಅಂತ ಗೋಡೆಗೆ ಗುರುತು ಹಾಕಿ. ಅದು ಮೊದಲೇ ಆಗಬೇಕಿತ್ತು."

ಟೀಚರು ಪೆನ್ಸಿಲು ಚಾಚಿದರು. ಭೋಜ ಶೆಟ್ಟರು ಮೂರನೆಯ ಮೆಟ್ಟಿಲಿನಲ್ಲಿ ನೆಟ್ಟಗೆ ಮುಖ ಮಾಡಿ ನಿಂತು ಎಡ ಅಂಗೈಯನ್ನು ಹೊಸ ಸುಣ್ಣದ ಗೋಡೆಗೆ ಊರಿದರು. "ಹಾಕು ಮಗಾ, ಹೆದರಬೇಡ." ಅವಳು ತಲೆಯೆತ್ತದೆ ಅವರ ಕೈಯ ಕೆಳಗೆ ಗೆರೆ ಎಳೆದಳು.