ಇದೆ ಮೇಷ್ಟ್ರು, ಇಲ್ಲ ಮೇಷ್ಟ್ರು ಮತ್ತು ಮೆಕ್ಯಾನಿಕ್

ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಅವನು ಮೆಕ್ಯಾನಿಕ್ ಆಗಿ ಸೇರಿ ಇಪ್ಪತ್ತೇಳು ವರ್ಷವಾಗಿತ್ತು. ಅಷ್ಟೂ ವರ್ಷ ಅಲ್ಲಿ ಒಂದೇ ಜಗಳ. ಕಣ್ಣಿಗೆ ಕಾಣದಷ್ಟು ಚಿಕ್ಕ ಕಣವೊಂದು ಯಾರೂ ನೋಡದಿರುವಾಗ ಒಂದು ಜಾಗದಲ್ಲಿ ಇರುತ್ತದೋ ಇಲ್ಲವೋ? ಇದ್ದೇ ಇರುತ್ತದೆ, ನಮಗೆ ಗೊತ್ತಿಲ್ಲ ಅಷ್ಟೆ ಎನ್ನುವವರು ಒಬ್ಬ ಪ್ರೊಫೆಸರು. ನೋಡುವ ತನಕ ಅದಕ್ಕೊಂದು ಜಾಗವೇ ಇಲ್ಲ ಎನ್ನುವವರು ಇನ್ನೊಬ್ಬರು. ಮೆಕ್ಯಾನಿಕ್ ಅವರಿಬ್ಬರಿಗೆ ಇದೆ ಮೇಷ್ಟ್ರು, ಇಲ್ಲ ಮೇಷ್ಟ್ರು ಎಂದು ಮನಸ್ಸಿನಲ್ಲೇ ಹೆಸರಿಟ್ಟು, ತನ್ನ ಪಾಡಿಗೆ ತಾನು ಸ್ಕ್ರೂ ತಿರುಗಿಸುತ್ತಿದ್ದ.

ಜಗಳ ಅವರದಾದರೂ ಅದಕ್ಕೆ ಸಾಕ್ಷಿ ಒದಗಿಸುವವನು ಇವನು. ಗಾಜಿನ ತುಂಡಿಗೆ ದೀಪದ ಮಸಿ ಹಿಡಿಸಿ, ಎರಡು ಬ್ಲೇಡುಗಳನ್ನು ಒತ್ತಾಗಿ ಜೋಡಿಸಿ, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಎರಡು ಗೀರು ಎಳೆಯುತ್ತಿದ್ದ. ಹತ್ತು ಗಾಜಿನಲ್ಲಿ ಒಂದು ಸರಿಬಂದರೆ ಹೆಚ್ಚು. ಆ ಗೀರುಗಳ ಮೂಲಕ ಲೇಸರ್ ಬೆಳಕು ಬಿಟ್ಟರೆ ಗೋಡೆಯ ಮೇಲೆ ಪಟ್ಟೆಪಟ್ಟೆಯಾಗಿ ಬೆಳಕು ಬೀಳುತ್ತಿತ್ತು. ಅದೇ ಪಟ್ಟೆಗಳನ್ನು ತೋರಿಸಿ ಒಬ್ಬರು ಇದೆ ಎಂದು ಸಾಧಿಸಿದರೆ ಇನ್ನೊಬ್ಬರು ಇಲ್ಲ ಎಂದು ಸಾಧಿಸುತ್ತಿದ್ದರು. ಇಬ್ಬರು ಹಿಡಿದ ಮೊಲಕ್ಕೂ ಮೂರೇ ಕಾಲು.

ಕೊನೆಗೆ ಇಬ್ಬರೂ ಸೇರಿ ವಾಸ್ತವದ ಬಗ್ಗೆ ಒಂದು ದಪ್ಪ ಪುಸ್ತಕ ಬರೆದರು. ಅರ್ಧ ಪುಟಗಳಲ್ಲಿ ಇದೆ, ಉಳಿದರ್ಧದಲ್ಲಿ ಇಲ್ಲ. ನಿನ್ನ ಹೆಸರೂ ಅದರಲ್ಲಿ ಬರುತ್ತದೆ ಎಂದು ಇದೆ ಮೇಷ್ಟ್ರು ಮಾತು ಕೊಟ್ಟಿದ್ದರು. ನಿವೃತ್ತಿಗೆ ಇನ್ನೊಂದೇ ತಿಂಗಳಿದ್ದ ಮೆಕ್ಯಾನಿಕ್ ಹೆಂಡತಿಗೆ ಹೇಳಿದ. ಅವಳ ತಮ್ಮನಿಗೂ ಹೇಳಿದ. ನಮ್ಮ ಭಾವ ಕಾಲೇಜಿನಲ್ಲಿ ಗಾಜು ಒರೆಸುತ್ತಾರೆ ಎಂದು ನಾಲ್ಕು ಜನರೆದುರು ಹಲ್ಲು ಕಿರಿಯುವವನಿಗೆ ಹೇಳದೆ ಬಿಡುವುದುಂಟೇ? ಅಚ್ಚಿನಲ್ಲಿ ಒಂದು ಸಾಲು, ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಪುಸ್ತಕ ಬಂತು. ಕೃತಜ್ಞತೆಯ ಪುಟದಲ್ಲಿ ಇಬ್ಬರ ಹೆಂಡತಿಯರಿದ್ದರು, ಇವರು ಮುಖವನ್ನೇ ನೋಡಿರದ ದೂರದೇಶದ ವಿದ್ವಾಂಸರಿದ್ದರು, ಇಲ್ಲ ಮೇಷ್ಟ್ರ ಮನೆಯ ಬೆಕ್ಕೂ ಇತ್ತು. ಮೆಕ್ಯಾನಿಕ್ ಇರಲಿಲ್ಲ. ಬೆರಳಿಟ್ಟು ಎರಡು ಸಲ ಓದಿದ. ಪುಸ್ತಕ ಹಿಡಿದು ಸೀದಾ ಅವರ ಕೋಣೆಗೆ ಹೋಗಿ ಕೇಳಿಯೇ ಬಿಟ್ಟ.

ಇದೆ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಬರೆಯೋಕೆ ಕೂತೆ ಕಣಯ್ಯ. ನಿನ್ನ ಹೆಸರೇ ಗೊತ್ತಿರಲಿಲ್ಲ. ಇವರಿಗೆ ಗೊತ್ತಿರುತ್ತೆ ಅಂದ್ಕೊಂಡೆ."

"ನಾನು ಇವರಿಗೆ ಗೊತ್ತಿರುತ್ತೆ ಅಂದ್ಕೊಂಡೆ," ಎಂದರು ಇಲ್ಲ ಮೇಷ್ಟ್ರು.

ಇಪ್ಪತ್ತೇಳು ವರ್ಷದಲ್ಲಿ ಇಬ್ಬರೂ ಒಪ್ಪಿದ ಸಂಗತಿ ಇದೊಂದೇ. ಕೆಳಗಿನ ಕೋಣೆಯಲ್ಲಿ ಕೂತವನನ್ನೇ ಹೋಗಿ ಕೇಳಿದರಾಯಿತು ಎಂಬುದು ಅಷ್ಟೆಲ್ಲ ಓದಿದವರಿಗೆ ಹೊಳೆಯಲಿಲ್ಲ. ಈಗ ಹೇಳು, ಎರಡನೆಯ ಮುದ್ರಣದಲ್ಲಿ ಹಾಕೋಣ ಎಂದರು. ಅವನು ಅಪ್ಪನ ಹೆಸರನ್ನೂ ಸೇರಿಸಿ ನಿಧಾನವಾಗಿ ಹೇಳಿದ. ಇದೆ ಮೇಷ್ಟ್ರು ಚೀಟಿಯಲ್ಲಿ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಲೇಸರ್ ಮೇಜಿನ ಕೆಳಗೆ ಬಿದ್ದ ಸ್ಕ್ರೂ ಹುಡುಕಲು ಬಗ್ಗಿದಾಗ, ಮೇಜಿನ ಗಿಡ್ಡ ಕಾಲಿನಡಿಯಲ್ಲಿ ಮಡಿಸಿಟ್ಟ ಕಾಗದ ಕಂಡಿತು. ಬಿಡಿಸಿದರೆ ಅವನದೇ ಹೆಸರು, ಅಪ್ಪನದೂ. ಮೇಜು ಅಲುಗದಿರಲೆಂದು ಇಬ್ಬರಲ್ಲೊಬ್ಬರು ಕೈಗೆ ಸಿಕ್ಕಿದ್ದನ್ನು ತುರುಕಿದ್ದರು. ಯಾರೆಂದು ಅವನು ಕೇಳಲು ಹೋಗಲಿಲ್ಲ. ಅಪ್ಪನ ಹೆಸರಿಗೆ ಮೆತ್ತಿದ್ದ ಧೂಳು ಒರೆಸುವಾಗ ಕಣ್ಣು ತುಂಬಿತು. ಚೀಟಿಯನ್ನು ಜೇಬಿಗಿಟ್ಟುಕೊಂಡ.

ಹತ್ತು ಗಂಟೆಗೆ ವಿದ್ಯಾರ್ಥಿಗಳೆಲ್ಲ ನೋಡುತ್ತಿದ್ದಂತೆ ಪಟ್ಟೆಗಳು ಗೋಡೆಯ ಮೇಲೆ ಕುಣಿಯತೊಡಗಿದವು. ನೋಡಿ, ವಾಸ್ತವ ಎಂಬುದೇ ನಿಂತಲ್ಲಿ ನಿಲ್ಲುವುದಿಲ್ಲ ಎಂದರು ಇಲ್ಲ ಮೇಷ್ಟ್ರು. ಹಾಗಲ್ಲ, ನಮಗೆ ಕಾಣದ ಕಾರಣವೊಂದು ಎಲ್ಲೋ ಇದ್ದೇ ಇದೆ ಎಂದರು ಇದೆ ಮೇಷ್ಟ್ರು. ಇವರಲ್ಲಿ ಯಾರು ಸರಿ ಎಂಬುದು ಬಾಗಿಲಲ್ಲಿ ನಿಂತವನಿಗೆ ಈ ಸಲ ಚೆನ್ನಾಗಿ ಗೊತ್ತಿತ್ತು. ವಾದ ಮುಗಿಯಲಿಲ್ಲ, ಕುಣಿತವೂ ನಿಲ್ಲಲಿಲ್ಲ. ಮೆಕ್ಯಾನಿಕ್, ಬಂದು ಸರಿಮಾಡಯ್ಯ ಎಂದು ಇಬ್ಬರೂ ಒಟ್ಟಿಗೇ ಕರೆದರು.

"ಹೆಸರು ಹಿಡಿದು ಕರೀರಿ ಸಾರ್, ಬರ್ತೀನಿ," ಎಂದ ಅವನು.

ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿದರು.