ಬ್ರೌನ್ ಬೆಲ್ಟ್ ಪರವಾಗಿ ಒಂದು ವಾದ

ಬಣ್ಣ ಹಾಕಿದ ಬಟ್ಟೆಗೆ ಮರ್ಯಾದೆ ಕೊಡುವುದು ನನಗೆ ಕಷ್ಟ. ಜೂಡೊದಲ್ಲಿ ಬಿಳಿ, ಹಳದಿ, ಕಿತ್ತಳೆ, ಹಸಿರು, ನೀಲಿ, ಕಂದು ಎಂದು ಹತ್ತಿ ಹತ್ತಿ ಕಪ್ಪು ಬೆಲ್ಟ್ ಮುಟ್ಟಬೇಕು. ಬಿಳಿ ಬೆಲ್ಟೇ ವರ್ಷಗಟ್ಟಲೆ ಬೆವರು ಕುಡಿದು ಕಪ್ಪಾಯಿತೆಂಬ ಕಥೆಯೂ ಉಂಟು. ಕೊಳೆಯಿಂದ ಗುರುವಾಗುವುದಾದರೆ ಮಧುಗಿರಿಯ ಗ್ಯಾರೇಜಿನವರೆಲ್ಲ ಎಂದೋ ಮಹಾಗುರುಗಳು. ಅದಿರಲಿ, ನಡುವೆ ಹಸಿರಾಗಿಸಿದ್ದು ಯಾವ ಕೊಳೆ? ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥ ಪ್ರಶ್ನೆಗೆ ಚಪ್ಪಾಳೆ ಬೀಳುತ್ತದೆ. ಜೂಡೊ ತರಗತಿಯಲ್ಲಿ ನಾನು ಬೀಳುತ್ತೇನೆ. ಹಾಗಾಗಿ ಇನ್ನೂ ಹಳದಿಯಲ್ಲೇ ಇದ್ದೇನೆ.

ಶಿರಾದ ಗೆಳತಿ ಶಬಾನಾಳದು ನೀಲಿ. ನಮ್ಮ ಮಾಸ್ಟರ ನಿಯಮದಂತೆ ಕಂದು ಕಟ್ಟಿದವರಷ್ಟೇ ಕಲಿಸಬಹುದು. ಅದು ಬಂದರೆ ಅವಳೂರಿನಲ್ಲಿ ಹುಡುಗಿಯರ ತರಗತಿ ಅವಳ ಕೈಗೆ. ಬರದಿದ್ದರೆ ತರಗತಿಯೇ ಇಲ್ಲ; ಗಂಡಸು ಮಾಸ್ಟರ ಹತ್ತಿರ ಕಳಿಸಲು ಆ ಹುಡುಗಿಯರ ಮನೆಯವರು ಒಪ್ಪಿರಲಿಲ್ಲ. ಪರೀಕ್ಷೆಯಲ್ಲಿ ಪಟ್ಟು ಹಾಕಿಸಿಕೊಂಡು ಬೀಳಲು ಇನ್ನೊಬ್ಬರು ಬೇಕು. ನನ್ನನ್ನು ಕರೆದಳು. ನಾನು ಸುಮ್ಮನೆ ಹೂಂ ಅನ್ನಬಾರದೇ?

"ಬೀಳೋಕೇ ಬಂದು ನಿಂತವಳನ್ನ ಬೀಳಿಸಿದ್ರೆ ಏನು ಸಾಬೀತಾಯ್ತು? ಇದು ನಾಟಕ" ಎಂದೆ.

ಅವಳ ಮುಖ ಬಿಗಿಯಾಯಿತು. "ಹಂಗಾದ್ರೆ ಬೀಳಬ್ಯಾಡ ಕಣೇ. ಕಂಬದಂಗೆ ನಿಂತ್ಕೋ. ಉರುಳಿಸ್ತೀನೋ ಇಲ್ವೋ ನೋಡುವಂತೆ."

ಮಧುಗಿರಿಯ ಮದುವೆ ಛತ್ರದಲ್ಲಿ ಮ್ಯಾಟ್ ಹಾಸಿದ್ದರು. ಪರೀಕ್ಷಕರು ಕೇಳಿದ ಪಟ್ಟು, ಎದುರಿನವರ ಕಾಲ ಹಿಂದೆ ಕಾಲು ಕೊಟ್ಟು ಹಿಂದಕ್ಕೆ ಕೆಡವುವುದು. ಅವಳು ತಳ್ಳಿದಳು. ನಾನು ಮಾತಿನಂತೆ ಮುಂದಕ್ಕೆ ಒರಗಿ ಗಟ್ಟಿಯಾಗಿ ನಿಂತೆ. ಅವಳ ಉಸಿರು ನನ್ನ ಕಿವಿಗೆ ಬಡಿಯುತ್ತಿತ್ತು. ಗೆದ್ದೆ ಅನ್ನಿಸಿತು. ಆದರೆ ನಾನು ಗೆದ್ದರೆ ಆ ಹುಡುಗಿಯರ ತರಗತಿ? ಬಿದ್ದುಬಿಡಲೇ ಎಂದು ಯೋಚಿಸುವಷ್ಟರಲ್ಲಿ ಅವಳು ಸರಕ್ಕನೆ ತಿರುಗಿ, ನನ್ನನ್ನು ತನ್ನ ಬೆನ್ನ ಮೇಲಿಂದ ಮುಂದಕ್ಕೆ ಎಸೆದಿದ್ದಳು.

"ನಾನು ಕೇಳಿದ್ದು ಈ ಪಟ್ಟಲ್ಲ" ಎಂದರು ಪರೀಕ್ಷಕರು, ಪೆನ್ನಿನ ಮುಚ್ಚಳ ಹಾಕುತ್ತ.

ಬಿದ್ದಲ್ಲಿಂದಲೇ ಬಾಯಿ ತೆರೆದೆ. "ಸಾರ್, ನಾನು ಬೇಕಂತ್ಲೇ ಅಡ್ಡ ನಿಂತಿದ್ದೆ. ಬೀಳಲ್ಲ ಅಂದವಳನ್ನ ಬೀಳಿಸಿದಾಳೆ. ಬ್ರೌನ್ ಬೆಲ್ಟಿಗೆ ಇದಕ್ಕಿಂತ ಇನ್ನೇನು ಬೇಕು?"

ಆ ಬಟ್ಟೆಯ ಪರವಾಗಿ ನಾನು ಮಾಡಿದ ಮೊದಲ ವಾದ ಅದು. ವಾದಿಸುವಾಗ ಧ್ವನಿ ನಡುಗಿದ್ದೂ ಮೊದಲ ಸಲ.

"ಸರಿ ಕಣಮ್ಮ ವಕೀಲಮ್ಮ" ಎಂದರು ಅವರು. "ಈಗ್ಲೂ ಹಂಗೇ ಅಡ್ಡ ನಿಂತ್ಕೋ. ಅವಳು ಕೇಳಿದ್ದನ್ನೇ ಹಾಕ್ಲಿ. ಇದೇ ಕೊನೆ."

ನಿಂತೆ. ಶಬಾನಾ ನನ್ನನ್ನು ಮುಂದಕ್ಕೆ ಸೆಳೆದಳು. ಈಗಷ್ಟೇ ಏಟು ತಿಂದಿದ್ದ ಮೈ, ನನ್ನನ್ನು ಕೇಳದೆ, ಹಿಂದಕ್ಕೆ ಜಗ್ಗಿತು. ಅವಳು ಕಾಯುತ್ತಿದ್ದುದೂ ಅದಕ್ಕೇ. ಅವಳ ಕಾಲು ನನ್ನ ಕಾಲ ಹಿಂದೆ ಬಂದದ್ದು ತಿಳಿಯುವ ಮೊದಲೇ ಛತ್ರದ ಫ್ಯಾನು ನನ್ನ ಕಣ್ಣೆದುರು ತಿರುಗುತ್ತಿತ್ತು.

ಸಂಜೆ ಶಿರಾ ಬಸ್ಸಿಗೆ ಕಾಯುವಾಗ, "ನೀನೇನೇ ಹೇಳು, ಅದು ಬಣ್ಣದ ಬಟ್ಟೆನೇ" ಎಂದೆ.

ಅವಳು ಚೀಲದಿಂದ ಹೊಸ ಕಂದು ಬೆಲ್ಟ್ ತೆಗೆದು ಮುಂದೆ ಹಿಡಿದಳು. "ಬಟ್ಟೆನೇ ತಾನೆ? ತಗಾ, ಕಟ್ಕೋ."

ನನ್ನ ಕೈ ಮುಂದೆ ಹೋಗಲಿಲ್ಲ. ವಾದದಲ್ಲಿ ತಪ್ಪೇನೂ ಇರಲಿಲ್ಲವೆಂದು ಈಗಲೂ ಹೇಳುತ್ತೇನೆ. ಬೆನ್ನು ಮಾತ್ರ ಒಪ್ಪುತ್ತಿಲ್ಲ.